ಎರಡು ಕಾಡು ಈರುಳ್ಳಿ

ನನ್ನ ಅಕ್ಕ ಕಮಲಾಕ್ಷಿಯ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ನಾನು ಕೇಳಿಲ್ಲ. ಅಬಿಡ್ಸ್ ಹತ್ತಿರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದಳು. ಭಾನುವಾರ ಬಂತೆಂದರೆ ಮೆಹದಿಪಟ್ಟಣದಿಂದ ಬಸ್ಸು ಹಿಡಿದು ಗಚ್ಚಿಬೌಲಿಯ ಬಂಡೆಗುಡ್ಡಕ್ಕೆ ಹೋಗುವಳು. ಮನೆಯ ಅಡಿಗೆ ನನ್ನ ತಲೆಗೆ.

ಒಂದು ಬೇಸಿಗೆ ಆ ಗುಡ್ಡದಲ್ಲಿ ಅವಳಿಗೆ ಎರಡು ಬಗೆಯ ಕಾಡು ಈರುಳ್ಳಿ ಕಂಡವು. ಒಂದು ಎಲ್ಲ ಕಡೆ ಬೆಳೆಯುವಂಥದ್ದು. ಹೂ ಕೆಳಮುಖವಾಗಿ ಸಂಜೆ ಅರಳುತ್ತದೆ. ಇನ್ನೊಂದರ ಹೂ ಮೇಲೆ ನೋಡುತ್ತ ಹಾಡಹಗಲೇ ಅರಳಿತ್ತು. ಅಂಥದ್ದನ್ನು ಅವಳು ಬೇರೆಲ್ಲೂ ನೋಡಿರಲಿಲ್ಲ. ಹಾಳಾದ ಗಿಡ, ಹೂವಿದ್ದಾಗ ಎಲೆಯಿಲ್ಲ, ಎಲೆಯಿದ್ದಾಗ ಹೂವಿಲ್ಲ. ಎಲೆ ನೋಡಿದರೆ ಎರಡೂ ಒಂದೇ.

ಆ ಮಳೆಗಾಲದಲ್ಲೇ ಸಾಫ್ಟ್‌ವೇರ್ ಕಂಪನಿಯೊಂದು ಗುಡ್ಡ ಒಡೆಯಲು ನಿಂತಿತು. ಯಾವ ಗಿಡ ಎಲ್ಲೆಂದು ತಿಳಿಯಲು ಅಕ್ಕ ಗುರುತಿಟ್ಟಿದ್ದ ಬಂಡೆಗಳನ್ನು ಜೆಸಿಬಿ ಆಗಲೇ ಎತ್ತಿ ಹಾಕಿತ್ತು. ಸೈಟ್ ಎಂಜಿನಿಯರ್ ಗುರುಶಾಂತ ಬೀದರಿನವನು, ಒಳ್ಳೆಯ ಹುಡುಗ. ಅಕ್ಕ ಅಲೆದಲೆದು ಬೇಡಿದ್ದಕ್ಕೆ ಮೇಲಿನವರನ್ನು ಒಪ್ಪಿಸಿದ್ದ.

“ಮೇಡಂ, ಒಂದ ಮೂಲಿ ಬಿಡತಾರಂತ್ರಿ. ಈ ಕಡೀದೋ, ಆ ಕಡೀದೋ, ನೀವ ಹೇಳ್ರಿ. ನಾಳೆ ಬ್ಲಾಸ್ಟಿಂಗ್ ಐತ್ರಿ.”

ಎರಡೂ ಕಡೆ ಬರೀ ಹಸಿರು ಎಲೆ. ಕೊಡೆ ಹಿಡಿದು ನಿಂತಿದ್ದ ನಾನು, “ಅಕ್ಕಾ, ಎರಡೂ ಕಡೀದು ಕಿತ್ತು ಕುಂಡ್ಯಾಗ ಹಾಕೋಣೇನು?” ಎಂದೆ.

“ಬಂಡೆ ಬಿಟ್ಟು ಅದು ಬದುಕಂಗಿಲ್ಲ. ನೀ ಸುಮ್ಮನಿರು,” ಎಂದು ಗದರಿದಳು. ಪಡುವಣ ಮೂಲೆಯ ಗಿಡದ ಎಲೆತುದಿ ಸುರುಳಿಯಾಗಿತ್ತು. “ಇದ ನೋಡು ಅದು,” ಎಂದು ಬೆರಳು ಮಾಡಿದಳು. ಗುರುಶಾಂತ ಆ ಮೂಲೆಗೆ ಹಗ್ಗ ಕಟ್ಟಿಸಿದ. ಉಳಿದದ್ದು ಮರುದಿನ ಪುಡಿಯಾಯಿತು.

ಕಂಪನಿ ಅಲ್ಲಿ ಹುಲ್ಲು ಹಾಸಿ ಕಲ್ಲಿನ ಫಲಕ ನಿಲ್ಲಿಸಿತು: ಅಪರೂಪದ ಕಾಡು ಈರುಳ್ಳಿ, ಗುರುತಿಸಿದವರು ಕಮಲಾಕ್ಷಿ. ಯುಗಾದಿ ಮುಗಿದ ಮೇಲೆ ಹೂವಿನ ದಂಟು ಎದ್ದಿತು. ಹಗಲಿಡೀ ಕಾದೆವು. ಸಂಜೆಯಾದ ಮೇಲೆ ಹೂ ಒಂದೊಂದೇ ಅರಳಿ ನೆಲ ನೋಡಿತು. ಎಲೆ ಸುರುಳಿಯಾಗಿದ್ದು ಪಡುವಣ ಬಿಸಿಲಿಗೆ. ಆ ಬಿಸಿಲಿಗೆ ಯಾವ ಗಿಡವಾದರೂ ಹಾಗೇ ಆಗುತ್ತದೆ.

“ಆ ಫಲಕ ತಗಸಪ್ಪಾ,” ಎಂದಳು ಅಕ್ಕ ಗುರುಶಾಂತನಿಗೆ.

“ಯಾಕ್ರಿ ಮೇಡಂ? ಬಂದವರೆಲ್ಲ ಫೋಟೋ ತಗೋತಾರ್ರಿ. ಹೆಂಗಾದ್ರೂ ಎರಡೂ ಈರುಳ್ಳಿನ ಅಲ್ಲೇನ್ರಿ?”

ನನಗೆ ಮೈ ಉರಿಯಿತು. ಆದರೆ ಅವನನ್ನು ಬೈಯಲು ಅಕ್ಕನಿಗೆ ಬಾಯಿಲ್ಲ. ಅವಳು ಯಾವ ಕಡೆ ತೋರಿಸಿದ್ದರೂ ಅವನು ಉಳಿಸುತ್ತಿದ್ದ.