ಅತ್ತೆ ಕಂಡ ಮೋಡ

ಈ ಮಧ್ಯಾಹ್ನ ಕಾಂದಿವಲಿಯ ನಮ್ಮ ಬಾಲ್ಕನಿಗೆ ಒದ್ದೆ ಮಣ್ಣಿನ ವಾಸನೆ ಬಂತು. ಮೇ ತಿಂಗಳಲ್ಲಿ ಈ ವಾಸನೆ ಬಂದರೆ ನಿಮಗೆ ಖುಷಿಯಾಗಬಹುದು. ನನಗೆ ಅನುಮಾನ ಶುರುವಾಗುತ್ತದೆ. ಅದು ನನ್ನ ಸೋದರತ್ತೆ ಬಿಟ್ಟುಹೋದ ಆಸ್ತಿ.

ಎಪ್ಪತ್ತರ ದಶಕದಲ್ಲಿ ನಾನು ಫೋರ್ಟ್‌ನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಹುಡುಗಿ. ಅಲ್ಲಿನ ನಾಲ್ಕೈದು ಮಂದಿ ಭಾನುವಾರಗಳಂದು ಕರ್ಜತ್ ಕಡೆ ಗುಡ್ಡ ಹತ್ತುತ್ತಿದ್ದೆವು. ನಮ್ಮ ಮುಂದಾಳು ಉಡುಪಿ ಕಡೆಯ ಸದಾನಂದ. ಮೇ ತಿಂಗಳಲ್ಲಿ ಅಲ್ಲಿ ಮಧ್ಯಾಹ್ನವಾದರೆ ಗುಡುಗು ಸಿಡಿಲು. ಅದಕ್ಕೇ ಅವರು ಚೀಟಿ ಬರೆದು ಹಂಚುತ್ತಿದ್ದರು: ಬೆಳಗಿನ ಮೊದಲ ಲೋಕಲ್ ರೈಲು, ಒಂಬತ್ತಕ್ಕೆ ತುದಿ, ಹೆಚ್ಚೆಂದರೆ ಎರಡಕ್ಕೆ ಕೆಳಗೆ.

ಪರೇಲ್‌ನ ಚಾಳಿನ ಒಂಟಿ ಕೋಣೆಯಲ್ಲಿ ನಮ್ಮೊಂದಿಗಿದ್ದ ಅತ್ತೆ, ಧಾರವಾಡದ ಹೆಂಗಸು, ಆ ಚೀಟಿಯನ್ನು ನನ್ನಿಂದ ಎರಡು ಸಲ ಓದಿಸಿದಳು.

"ಇಳಿಯೂ ಹೊತ್ತೂ ಬರದಾನ? ಗುಡ್ಡಕ್ಕೇನು ಮಿಲ್ಲಿನಂಗ ಶಿಫ್ಟ್ ಐತೇನ? ಇದರಾಗ ಏನೋ ಐತಿ. ನಾನೂ ಬರತೇನಿ."

ಬಂದೇಬಿಟ್ಟಳು. ಕಚ್ಚೆ ಬಿಗಿದು, ಚಪ್ಪಲಿ ಕೈಯಲ್ಲಿ ಹಿಡಿದು, ಎಲ್ಲರಿಗಿಂತ ಮೊದಲು ತುದಿ ಮುಟ್ಟಿದಳು. ನಾನು ಬಂಡೆ ಬಂಡೆಗೂ ಕೂತು, ಪ್ರಕೃತಿ ಸೌಂದರ್ಯ ಸವಿಯುವ ನೆಪದಲ್ಲಿ ಏದುಸಿರು ಬಿಡುತ್ತಿದ್ದೆ. ಮೇಲೆ ಬುತ್ತಿ ಬಿಚ್ಚಿ ಕೂತಿದ್ದೇ ತಡ, ಅತ್ತೆ ಎದ್ದು ನಿಂತಳು.

"ಮೋಡ ಕಟ್ಟೈತಿ. ಏಳ್ರಿ, ಇಳೀರಿ."

ಕಣ್ಣು ಕುಕ್ಕುವಂಥ ನೀಲಿ ಆಕಾಶ. ಇದು ನಾಟಕವೆಂದು ನನಗೆ ಖಾತ್ರಿಯಾಯಿತು. ಸದಾನಂದರು ಆಕಾಶವನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದರು. "ಹಿರಿಯರು ಹೇಳ್ತಾರಲ್ಲ, ಇಳಿಯುವ" ಎಂದರು. ಇಳಿಯುವ ದಾರಿಯುದ್ದಕ್ಕೂ ನಾನು ಅತ್ತೆಯ ಮೇಲೆ ಗೊಣಗಿದೆ.

ಬುಡದ ಹಳ್ಳಿಯ ಮೊದಲ ಗುಡಿಸಲು ಸೇರುವಷ್ಟರಲ್ಲಿ ಹನ್ನೊಂದು. ನೋಡನೋಡುತ್ತ ಆಕಾಶ ಕಪ್ಪಾಯಿತು. ನಾವು ಬುತ್ತಿ ಬಿಚ್ಚಿದ ಜಾಗದಲ್ಲಿದ್ದ ಒಂಟಿ ಮರಕ್ಕೆ ಸಿಡಿಲು ಬಡಿದದ್ದನ್ನು ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡೆವು. ಚೀಟಿಯಂತೆ ನಡೆದಿದ್ದರೆ ಆ ಹೊತ್ತಿಗೆ ನಾವಿನ್ನೂ ಅದರ ಬುಡದಲ್ಲೇ ಇರಬೇಕಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಅತ್ತೆಯ ಕಾಲಿಗೆರಗಿದರು. ನಾನೂ ಬಗ್ಗಿದಾಗ ಅವಳು ಕಿವಿಯಲ್ಲಿ ಹೇಳಿದಳು:

"ಮೋಡ ಎಲ್ಲಿ ಕಂಡಿತ್ತವಾ ನನಗ? ಆ ಹುಡುಗ ನಿನ್ನ ನೀರಿನ ಬಾಟ್ಲಿ ಗುಡ್ಡದ ತುದೀತನಕ ಹೊತ್ತಿದ್ದು ಕಂಡಿತ್ತು. ಅದಕ್ಕ ಎಲ್ಲಾರನ್ನೂ ಇಳಿಸಿದೆ."

ನನ್ನ ಬಾಟಲಿ ಸದಾನಂದರ ಹೆಗಲಲ್ಲಿತ್ತೆಂಬುದು ನನಗೆ ಆಗಲೇ ತಿಳಿದದ್ದು!

ಮುಂದೆ ಅವರನ್ನೇ ಮದುವೆಯಾದೆ. ಪ್ರತಿ ಮೇ ತಿಂಗಳು ಗುಡ್ಡಕ್ಕೆ ಹೊರಡುವ ಮುನ್ನ ಅವರು ಅತ್ತೆಯನ್ನು ಕೇಳುತ್ತಿದ್ದರು. ಅವಳು ಚಾಳಿನ ಗ್ಯಾಲರಿಯಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಗಂಭೀರವಾಗಿ ತೀರ್ಪು ಕೊಡುತ್ತಿದ್ದಳು. ಅವಳು ಹೋದ ಮೇಲೂ ನಾನು ಆ ಗುಟ್ಟು ಕಾಪಾಡಿದೆ. ಇಂದೇಕೋ ಅವರಿಗೆ ಹೇಳಿಬಿಟ್ಟೆ.

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಗೊತ್ತಿತ್ತು ಮಾರಾಯ್ತಿ. ಆಕಾಶ ನಾನೂ ನೋಡಿದ್ದೆ."

"ಮತ್ತೆ ಯಾಕೆ ಇಳಿಸಿದಿರಿ?"

"ಅತ್ತೆಯನ್ನು ಎದುರು ಹಾಕಿಕೊಂಡಿದ್ರೆ ನಿನ್ನನ್ನು ಕೊಡ್ತಿದ್ರಾ?"

ಇಷ್ಟು ವರ್ಷ ಊರಿನವರ ಮೇಲೆಲ್ಲ ಅನುಮಾನಪಟ್ಟೆ. ಈ ಮನುಷ್ಯನನ್ನು ಮಾತ್ರ ಪೂರಾ ನಂಬಿಕೊಂಡಿದ್ದೆ.