ಎಡಗಡೆಯ ಬಾಗಿಲಿನ ಗೀರು

ಕಾರ್ಖಾನೆಯಲ್ಲಿ ಅವನಿಗೆ ಇಟ್ಟ ಹೆಸರು ಮಿಲಿಮೀಟರ್. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು ಅವನ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಪುಟ್ಟ ಅಳತೆ ಟೇಪು ಸದಾ ಇರುತ್ತಿತ್ತು. ಮನೆಗೆ ಹೊಸ ಸ್ಟೂಲು ತಂದರೆ ಅದರ ನಾಲ್ಕೂ ಕಾಲು ಅಳೆದ ಮೇಲೇ ಕೂರುವ ಆಸಾಮಿ. ಇಂಥ ಮನುಷ್ಯ ಒಂದೇ ಒಂದು ಸಲ ಅಳೆಯದೆ ತೀರ್ಪು ಕೊಟ್ಟ, ಅದೂ ಕಟ್ಟಿಕೊಂಡ ಹೆಂಡತಿಗೆ.

ಹೆಂಡತಿ ಟೈಲರ್. ಮುಂದಿನ ಕೋಣೆಯ ಕಿಟಕಿ ಪಕ್ಕ ಅವಳ ಹೊಲಿಗೆ ಯಂತ್ರ. ಬಟ್ಟೆಯ ಮೇಲೆ ಒಂದು ಗೆರೆ ಎಳೆದು ಕತ್ತರಿ ಆಡಿಸಿದಳೆಂದರೆ ಒಂದು ನೂಲೂ ಆಚೀಚೆ ಆಗುತ್ತಿರಲಿಲ್ಲ. ನಲವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ ಮೊದಲ ಪರೀಕ್ಷೆಯಲ್ಲೇ ಲೈಸೆನ್ಸ್ ತಂದಳು. ಗಂಡ ಪಾಸಾಗಿದ್ದು ಮೂರನೇ ಸಲಕ್ಕೆ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಎಲ್ಲರಿಗೂ ನೆನಪಿದ್ದ ಮೇಲೆ ಎತ್ತುವುದೇನು ಬಂತು! ಕಡುನೀಲಿ ಬಣ್ಣದ ಆ ಸಣ್ಣ ಕಾರಿನಲ್ಲಿ ಅವಳು ದಾರದಂಗಡಿಗೆ ಹೋಗುವಳು, ಗಿರಾಕಿಗಳ ಮನೆಗೆ ಬಟ್ಟೆ ತಲುಪಿಸುವಳು, ಜೊತೆಯಲ್ಲೇ ಇದ್ದ ವಯಸ್ಸಾದ ತಾಯಿಯನ್ನು ಹಿಂದೆ ಕೂರಿಸಿಕೊಂಡು ಕೆರೆಯ ತನಕ ಒಂದು ಸುತ್ತು ಹಾಕಿ ಬರುವಳು. ಅಳಿಯನ ಡ್ರೈವಿಂಗಿಗಿಂತ ಮಗಳದೇ ವಾಸಿ, ಹೊಟ್ಟೆ ಕುಲುಕುವುದಿಲ್ಲ ಎಂದು ಆ ತಾಯಿ ಅಳಿಯನ ಎದುರೇ ಹೇಳುತ್ತಿದ್ದಳು.

ಒಂದು ಶನಿವಾರ ಅವನು ಮೊದಲ ಪಾಳಿ ಮುಗಿಸಿ ಮೂರು ಗಂಟೆಗೆ ಕಾರು ತಂದು ನಿಲ್ಲಿಸಿದ. ನಾಲ್ಕಕ್ಕೆ ಅವಳು ಅದನ್ನು ತೆಗೆದುಕೊಂಡು ದಾರದಂಗಡಿಗೆ ಹೋಗಿ ಐದಕ್ಕೆ ವಾಪಸು ಬಂದಳು. ಆಮೇಲೆ ಅವನು ಹೂಗಿಡಕ್ಕೆ ನೀರು ಹಾಕಲು ಹೊರಗೆ ಹೋದವನು ನಿಂತಲ್ಲೇ ನಿಂತ. ಎಡಗಡೆಯ ಹಿಂಬಾಗಿಲ ಮೇಲೆ ಒಂದು ಮೊಳ ಉದ್ದದ ಗೀರು, ಅಲ್ಲಲ್ಲಿ ಬಣ್ಣ ಕಿತ್ತು ಬಂದಿತ್ತು.

ಅವನ ಕೂಗಾಟಕ್ಕೆ ಪಕ್ಕದ ಮನೆಯವರು ಇಣುಕಿದರು. ಅವಳ ತಮ್ಮ ಅಮ್ಮನನ್ನು ನೋಡಲು ಬಂದಿದ್ದವನು ಟೀ ಲೋಟ ಹಿಡಿದೇ ಹೊರಗೆ ಬಂದ. ಎಲ್ಲರೆದುರು ಅವನು ಹೆಂಡತಿಗೆ ಗೇಟಿನ ಕಂಬ ತೋರಿಸಿ ಪಾಠ ಮಾಡಿದ. ಕಣ್ಣು ಎಲ್ಲಿಟ್ಟಿದ್ದೆ, ಅಗಲದ ಅಂದಾಜೇ ಇಲ್ಲದವರು ಸ್ಟೇರಿಂಗ್ ಮುಟ್ಟಬಾರದು, ಇವತ್ತು ಕಂಬ, ನಾಳೆ ಯಾರದೋ ಮಗು. ಅವಳಿಗೆ ತಾಗಿದ್ದೇ ಗೊತ್ತಾಗಿರಲಿಲ್ಲ. ಮೊದಲು ಇಲ್ಲ ಎಂದಳು, ಆಮೇಲೆ ಇರಬಹುದೇನೋ ಎಂದಳು, ಕೊನೆಗೆ ಗೇಟಿನ ಹತ್ತಿರ ಏನೋ ಸದ್ದಾದ ಹಾಗಿತ್ತು ಎಂದು ತಾನೇ ಒಪ್ಪಿಕೊಂಡಳು. ಜೇಬಿನಲ್ಲಿ ಟೇಪಿತ್ತು, ಕಂಬ ಎರಡು ಹೆಜ್ಜೆ ದೂರದಲ್ಲಿತ್ತು. ಮಹಾನುಭಾವ ಆ ಕಂಬದ ಮೇಲೆ ಗುರುತಿದೆಯೇ ಎಂದು ಬಗ್ಗಿ ಕೂಡ ನೋಡಲಿಲ್ಲ.

ಗ್ಯಾರೇಜಿಗೆ ಕೊಡುವ ಜಾಯಮಾನ ಅವನದಲ್ಲ. ಮಾರನೇ ದಿನ ಬೆಳಗ್ಗೆಯೇ ಮಣೆ ಹಾಕಿಕೊಂಡು ಬಾಗಿಲ ಮುಂದೆ ಕೂತ. ಸೋಪಿನ ನೀರಿನಲ್ಲಿ ತೊಳೆದ, ಒರೆಸಿದ, ಗೀರಿನ ಸುತ್ತ ಗಮ್ ಟೇಪು ಅಂಟಿಸಿದ. ವಾಟರ್ ಪೇಪರ್ ಎಂಬ ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ, ಮರದ ತುಂಡಿಗೆ ಸುತ್ತಿ ಮೆಲ್ಲಗೆ ಉಜ್ಜತೊಡಗಿದ. ಹೆಂಡತಿ ಪಕ್ಕದಲ್ಲಿ ಬಕೆಟ್ಟು ಹಿಡಿದು ಅಪರಾಧಿಯ ಹಾಗೆ ನಿಂತಿದ್ದಳು. ನಾಲ್ಕು ಸಲ ಉಜ್ಜಿ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆಗೆ ಹಳದಿ ಬಣ್ಣ ಹತ್ತಿತು.

ಅವರ ಗೇಟಿನ ಕಂಬಕ್ಕೆ ಬಳಿದಿದ್ದದ್ದು ಬಿಳಿ ಸುಣ್ಣ. ಹಳದಿ ಕಂಬ ಇದ್ದದ್ದು ಕಾರ್ಖಾನೆಯಲ್ಲಿ, ಕಾರು ನಿಲ್ಲಿಸುವ ಜಾಗದ ತಿರುವಿನಲ್ಲಿ. ಶನಿವಾರ ಅಲ್ಲಿ ಕಾರು ತಿರುಗಿಸಿದ್ದು ಅವನೇ. ಆಗಲೇ ಬಾಯಿ ಬಿಟ್ಟಿದ್ದರೆ ನಗುವಿನಲ್ಲಿ ಮುಗಿದುಹೋಗುತ್ತಿತ್ತು, ಅವಳ ತಾಯಿ ಒಂದು ತಿಂಗಳು ಆಡಿಕೊಳ್ಳುತ್ತಿದ್ದಳು, ಅಷ್ಟೇ. ಆದರೆ ಹಿಂದಿನ ದಿನ ಅಷ್ಟು ಜನರ ಮುಂದೆ ಹಾರಾಡಿದ ನಾಲಿಗೆ ಈಗ ಹೊರಳಲಿಲ್ಲ. ಬಟ್ಟೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಹೆಂಡತಿಯನ್ನು ಬೇರೆ ನೀರು ತರಲು ಕಳಿಸಿದ.

ಸೋಮವಾರ ಕಾರ್ಖಾನೆಯ ಕಂಬದ ಮೇಲೆ ನೀಲಿ ಗೆರೆ ಎದ್ದು ಕಾಣುತ್ತಿತ್ತು. ಅಳೆದು ನೋಡಿದ, ನೆಲದಿಂದ ಐವತ್ತೆಂಟು ಸೆಂಟಿಮೀಟರ್. ಕಾರಿನ ಗೀರೂ ಅಷ್ಟೇ ಎತ್ತರ. ಆಚೀಚೆ ನೋಡಿ, ಬಣ್ಣ ಕರಗಿಸುವ ಥಿನ್ನರ್ ಹಾಕಿ ಆ ಗೆರೆಯನ್ನು ಒರೆಸಿಬಿಟ್ಟ.

ಮುಂದಿನ ಮೂರು ಭಾನುವಾರ ಆ ಬಾಗಿಲಿಗೆ ಅವನು ಮಾಡಿದ ಉಪಚಾರ ನೋಡಬೇಕಿತ್ತು. ಗೀರಿಗೆ ಪುಟ್ಟಿ ತುಂಬಿ ಉಜ್ಜಿದ, ಪ್ರೈಮರ್ ಹೊಡೆದ, ಅಂಗಡಿಯಲ್ಲಿ ಕಾರಿನ ಬಣ್ಣದ ನಂಬರ್ ಹೇಳಿ ತಂದ ನೀಲಿಯನ್ನು ತೆಳ್ಳಗೆ ಮೂರು ಸಲ ಹಚ್ಚಿದ. ಒಂದು ಪದರ ಒಣಗದೆ ಇನ್ನೊಂದನ್ನು ಮುಟ್ಟಲಿಲ್ಲ. ಮೇಲೆ ವಾರ್ನಿಶ್, ಅದರ ಮೇಲೆ ಪಾಲಿಶ್. ಕೊನೆಗೆ ಗೀರು ಎಲ್ಲಿತ್ತೆಂದು ಬೆರಳಿಟ್ಟು ಹುಡುಕಬೇಕಿತ್ತು. ಪಕ್ಕದ ಮನೆಯವರು ಹೊಗಳಿದರು. ಅವಳೂ ಹೊಗಳಿದಳು. ಆ ರಾತ್ರಿ ಅವನು ಅರ್ಧ ಊಟಕ್ಕೇ ಕೈ ತೊಳೆದ.

ಅವಳು ಕಾರಿನ ಕೀಲಿ ಗೋಡೆಯ ಮೊಳೆಗೆ ನೇತುಹಾಕಿದವಳು ಮತ್ತೆ ಮುಟ್ಟಲಿಲ್ಲ. ಹೇಳಬೇಕು, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಅವನು ದಿನ ತಳ್ಳಿದ. ದಿನ ಕಳೆದಷ್ಟೂ ಮಾತು ಭಾರವಾಯಿತು.

ಮರುವರ್ಷ ಒಂದು ಮಧ್ಯಾಹ್ನ ಅವಳ ತಾಯಿ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದಳು. ಆ ವಾರ ಅವನು ಕಂಪನಿಯ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಕಾರು ಅಂಗಳದಲ್ಲೇ ಇತ್ತು, ಆಸ್ಪತ್ರೆ ಹತ್ತು ನಿಮಿಷದ ದಾರಿ. ಪಕ್ಕದ ಮನೆಯವರು ಊರಲ್ಲಿರಲಿಲ್ಲ, ಆಂಬುಲೆನ್ಸ್ ಬರಲು ಐವತ್ತು ನಿಮಿಷ ಹಿಡಿಯಿತು. ಅರ್ಧ ಗಂಟೆ ಮೊದಲೇ ತಂದಿದ್ದರೆ ಪ್ರಯತ್ನ ಮಾಡಬಹುದಿತ್ತು ಎಂದರು ಡಾಕ್ಟರು. ಅವಳ ತಮ್ಮ ಹೆಣದ ಮುಂದೆ ನಿಂತು, ಒಂದು ಗೀರಿಗೆ ಹೆದರಿ ಅಮ್ಮನನ್ನು ಕಳೆದೆಯಲ್ಲ ಅಕ್ಕ ಎಂದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು, ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವನು ಪಕ್ಕದಲ್ಲೇ ಗೋಡೆಗೊರಗಿ ನಿಂತಿದ್ದ. ಅಂದಿನಿಂದ ತಮ್ಮ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಆರು ವರ್ಷ ಕಳೆಯಿತು. ಅವನು ನಿವೃತ್ತನಾದ. ಹಳೆಯ ಕಾರನ್ನು ಕೊಟ್ಟುಬಿಡೋಣ ಎಂದು ಗಂಡ ಹೆಂಡತಿ ತೀರ್ಮಾನಿಸಿದರು. ನೋಡಲು ಬಂದವನು ಪಕ್ಕಾ ವ್ಯಾಪಾರಿ, ಬಾಗಿಲ ಮೇಲೆ ಬೆರಳಾಡಿಸಿ ಇಲ್ಲಿ ಬಣ್ಣದ ಕೈ ಆಡಿದೆಯಲ್ಲ ಎಂದ. ಅವನು ಉತ್ತರ ಹುಡುಕುವಷ್ಟರಲ್ಲಿ ಕಿಟಕಿಯಿಂದ ಅವಳ ದನಿ ಬಂತು.

"ಅದು ನನ್ನ ಕೆಲಸ. ಗೇಟಿಗೆ ಉಜ್ಜಿಬಿಟ್ಟಿದ್ದೆ. ಪಾಪ, ಇವರು ನಾಲ್ಕು ಭಾನುವಾರ ಕೂತು ಸರಿ ಮಾಡಿದ್ರು."

ಆ 'ಪಾಪ' ಅನ್ನುವ ಮಾತು ಅವನನ್ನು ಕೊಂದಿತು. ಬಂದವನನ್ನು ನಾಳೆ ಬಾ ಎಂದು ಸಾಗಹಾಕಿ ಒಳಗೆ ಬಂದ. ಅವಳು ಯಾರದೋ ಲಂಗದ ಅಂಚು ಹೊಲಿಯುತ್ತಿದ್ದಳು. ಎದುರಿಗೆ ನಿಂತು, ಅದು ಗೇಟಲ್ಲ ಕಣೇ ಎಂದು ಶುರುಮಾಡಿದ. ಹಳದಿ ಹತ್ತಿದ ಬಟ್ಟೆಯಿಂದ ಹಿಡಿದು ಥಿನ್ನರಿನ ತನಕ ಒಂದೂ ಬಿಡದೆ ಹೇಳಿದ. ಅವಳು ಅಂಗೈಯಿಂದ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದಳು.

"ಯಾವತ್ತು ಗೊತ್ತಾಯ್ತು?"

"ಮಾರನೇ ದಿನಾನೇ."

ಅವಳು ಸೂಜಿಯ ಕೆಳಗಿಂದ ಲಂಗ ಎಳೆದು ಮಡಿಸಿಟ್ಟಳು. ಕೂಗಾಡುತ್ತಾಳೆ ಎಂದುಕೊಂಡಿದ್ದ, ಕೂಗಾಡಲಿ ಎಂದೇ ಕಾದಿದ್ದ.

"ಅವತ್ತು ಅಮ್ಮನ್ನ ಹಿಂದಿನ ಸೀಟಲ್ಲಿ ಮಲಗಿಸಿದ್ದೆ ರೀ. ಯಾರಿಗೂ ಹೇಳಿಲ್ಲ. ಗೇಟಿನ ತನಕ ಓಡಿಸ್ಕೊಂಡು ಬಂದೆ. ಆ ಕಂಬ ನೋಡಿದ್ದೇ ಕಾಲು ನಡುಗೋಕೆ ಶುರುವಾಯ್ತು. ನನಗೆ ಅಗಲ ಗೊತ್ತಾಗಲ್ಲ, ದಾರೀಲಿ ಯಾರನ್ನಾದ್ರೂ ಸಾಯಿಸ್ತೀನಿ ಅನ್ನಿಸ್ತು. ಆಫ್ ಮಾಡಿಬಿಟ್ಟೆ. ಅಮ್ಮ ಹಿಂದಿನಿಂದ ಹೇಳ್ತಾನೇ ಇದ್ಲು, ನಿನ್ನ ಕೈಲಾಗುತ್ತೆ, ಹೋಗೇ ಅಂತ."

ಅವನು ಗೋಡೆಗೊರಗಿ ನೆಲದ ಮೇಲೆ ಕೂತ. ತಪ್ಪಾಯ್ತು ಅನ್ನುವ ಮಾತು ಬಾಯಿಗೆ ಬಂದದ್ದು ಅಲ್ಲೇ ನಾಚಿಕೊಂಡು ನಿಂತಿತು. ಅವಳು ಎದ್ದು ತನ್ನ ಫೋನಿನಿಂದ ತಮ್ಮನ ನಂಬರಿಗೆ ಕರೆ ಮಾಡಿ, ಅದನ್ನು ಗಂಡನ ಕೈಗಿಟ್ಟಳು.

"ನನಗೆ ಹೇಳಿದ್ದು ಸಾಲಲ್ಲ. ಅವನಿಗೆ ಹೇಳಿ. ಥಿನ್ನರ್ ಹಾಕಿ ಒರೆಸಿದ್ದೂ ಹೇಳಿ."

ಆ ಕಡೆಯಿಂದ ತಮ್ಮ, ಏನಕ್ಕ, ಎಂದು ಒಣದನಿಯಲ್ಲಿ ಕೇಳಿದ. ಇವನು, ನಾನು ಕಣಪ್ಪ, ನಿನ್ನ ಭಾವ ಎಂದ. ಆಮೇಲೆ ಎಲ್ಲ ಹೇಳಿದ. ಗೇಟಿನ ತನಕ ಬಂದ ಕಾರಿನ ವಿಷಯವನ್ನೂ ಬಿಡಲಿಲ್ಲ. ತಮ್ಮ ಅವನಿಗೆ ಒಂದು ಬೈಗುಳವನ್ನೂ ಹಾಕಲಿಲ್ಲ. ಫೋನ್ ಅಕ್ಕನಿಗೆ ಕೊಡಿ ಎಂದ, ಅಷ್ಟೇ.

ಅವಳು ಫೋನ್ ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳು ಅಳುವುದು ಕೇಳಿಸಿತು, ಚಿಕ್ಕ ಹುಡುಗಿಯ ಹಾಗೆ, ಬಿಕ್ಕಿ ಬಿಕ್ಕಿ, ತಮ್ಮನ ಹತ್ತಿರ. ಅವನು ಎದ್ದು ಬಾಗಿಲ ತನಕ ಹೋದ. ತಟ್ಟಲು ಎತ್ತಿದ ಕೈಯನ್ನು ಕೆಳಗಿಳಿಸಿ, ಅವಳು ಹೊರಗೆ ಬರುವ ತನಕ ಅಲ್ಲೇ ನಿಂತ.