ಮಾವನವರ ಬಿಳಿ ಪಂಚೆ, ನಮ್ಮವರ ದೊಡ್ಡ ಕಾರು

ದೊಡ್ಡ ಕಾರು ಮನೆಗೆ ಬಂದ ದಿನ ಅದರಲ್ಲೊಂದು ಕೊರತೆ ಕಂಡುಹಿಡಿದವರು ನಮ್ಮ ಮಾವನವರು ಒಬ್ಬರೇ. ಚಾಮರಾಜಪೇಟೆಯ ನಮ್ಮ ಮನೆಯ ಮುಂದೆ ಅದನ್ನು ನಿಲ್ಲಿಸಿ, ಕುಂಕುಮವಿಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಆರತಿ ಎತ್ತಿ ಆಗಿತ್ತು. ಅಕ್ಕಪಕ್ಕದವರು ಬಂದು ಬಾಗಿಲು ತೆಗೆದು ಮುಚ್ಚಿ ನೋಡಿ ಹೋಗಿದ್ದರು. ಮಾವನವರು ಕೋಲೂರಿಕೊಂಡು ಕಾರಿಗೆ ಒಂದು ಸುತ್ತು ಬಂದರು. ಹಿಂದಿನ ಚಕ್ರದ ಹತ್ತಿರ ನಿಂತು ಕೊಂಚ ಬಗ್ಗಿ ನೋಡಿದರು.

"ಮಡ್ ಫ್ಲಾಪ್ ಇಲ್ವಲ್ಲಪ್ಪ ಇದಕ್ಕೆ? ಹಾಕಿಸ್ಬಿಡು."

ಚಕ್ರದ ಹಿಂದೆ ಇಳಿಬಿಡುತ್ತಾರಲ್ಲ, ಕೆಸರು ಸಿಡಿಯದ ಹಾಗೆ ರಬ್ಬರಿನ ಒಂದು ತುಂಡು, ಅದರ ಮಾತು. ನಮ್ಮವರು ನಕ್ಕೇಬಿಟ್ಟರು.

"ಅಪ್ಪಾ, ಇದೇನು ಲಾರೀನಾ? ಇಂಥ ಗಾಡಿಗೆಲ್ಲ ಯಾರೂ ಹಾಕ್ಸಲ್ಲ."

"ಹೌದಾ? ಸರಿ ಬಿಡು," ಎಂದರು ಮಾವ. ಆಮೇಲೆ ಅವರ ಬಾಯಲ್ಲಿ ಆ ಮಾತು ಮತ್ತೆ ಬರಲಿಲ್ಲ.

ನಮ್ಮವರನ್ನು ಪೂರ್ತಿ ದೂರುವ ಹಾಗೂ ಇಲ್ಲ. ಕಾಟನ್‌ಪೇಟೆಯಲ್ಲಿ ಅಪ್ಪ ಕಟ್ಟಿದ ನೂಲಿನ ಸಗಟು ಅಂಗಡಿಯನ್ನು ಉಳಿಸಿಕೊಂಡು, ಮಕ್ಕಳನ್ನು ದಡ ಸೇರಿಸಿ, ಅರವತ್ತರ ಹತ್ತಿರ ಬಂದಾಗ ತನಗೋಸ್ಕರ ಅಂತ ಕೊಂಡ ಮೊದಲ ವಸ್ತು ಅದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇದು ಹೆಗ್ಗಣವೂ ಅಲ್ಲ, ಆನೆ. ಬೆಳಿಗ್ಗೆ ಎದ್ದವರು ದೇವರ ಮನೆಗೆ ಹೋಗುವ ಮೊದಲು ಗೇಟಿನವರೆಗೆ ಹೋಗಿ ಅದನ್ನು ನೋಡಿಕೊಂಡು ಬರುತ್ತಿದ್ದರು. ನಾನು ಜ್ವರ ಬಂದು ಮಲಗಿದ್ದಾಗಲೂ ಇಷ್ಟು ಸಲ ಬಂದು ನೋಡಿದವರಲ್ಲ ಬಿಡಿ.

ಮಳೆಗಾಲ ಶುರುವಾದಾಗ ಮಡ್ ಫ್ಲಾಪಿನ ಮಾತನ್ನು ಒಂದು ಸಲ ನಾನೇ ಎತ್ತಿದೆ. ವೈಟ್ ಟಾಪಿಂಗ್ ಅಂತ, ಕಾಂಕ್ರೀಟು ಹಾಕಲು, ನಮ್ಮ ಸುತ್ತಲಿನ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದರು. ಕಾರು ಒಂದು ಸುತ್ತು ಹೋಗಿ ಬಂದರೆ ಸಾಕು, ಬಾಗಿಲ ಹಿಡಿಯವರೆಗೆ ಕೆಮ್ಮಣ್ಣಿನ ಕೆಸರು ಬಳಿದಿರುತ್ತಿತ್ತು. ನಮ್ಮವರು ಅದೇ ಕಂಪನಿಯ ಕಾರು ಇಟ್ಟುಕೊಂಡವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರು. ಒಬ್ಬ ಪುಣ್ಯಾತ್ಮ, ಅದು ರೇಷ್ಮೆ ಸೀರೆಗೆ ಗೋಣಿಚೀಲದ ಸೆರಗು ಹೊಲಿದ ಹಾಗೆ ಅಂತ ಬರೆದ. ಇನ್ನೊಬ್ಬ, ಸ್ಕ್ರೂ ಹಾಕಲು ತೂತು ಕೊರೆದರೆ ತುಕ್ಕು ಹಿಡಿಯುತ್ತದೆ ಅಂತ ಹೆದರಿಸಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಿಗೆ ಇಷ್ಟು ಸಾಕಲ್ಲ. ಮಾತು ಅಲ್ಲಿಗೆ ಮುಗಿಯಿತು.

ಮಾವನವರಿಗೆ ಎಂಬತ್ತು ದಾಟಿದೆ. ಅಂಗಡಿಯ ಜವಾಬ್ದಾರಿ ಬಿಟ್ಟು ಎಷ್ಟೋ ವರ್ಷವಾದರೂ ಸೋಮವಾರ ಮಾತ್ರ ಬಿಟ್ಟಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ಗಂಜಿ ಹಾಕಿದ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಈಶ್ವರನ ಗುಡಿಗೆ ಹೋಗುವುದು. ಅಲ್ಲಿಂದ ಅಂಗಡಿಗೆ ಹೋಗಿ ಪೇಟೆಯ ಹಳೆಯ ಗೆಳೆಯರ ಜೊತೆ ಬೈಟು ಕಾಫಿ ಕುಡಿಯುತ್ತ ಮಧ್ಯಾಹ್ನದವರೆಗೆ ಕೂರುವುದು. ಪಂಚೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಇಸ್ತ್ರಿ ಮಾಡುವವನು ಒಂದು ಮಡಿಕೆ ತಪ್ಪಿಸಿದರೂ ವಾಪಸು ಕಳಿಸುತ್ತಿದ್ದರು. ಮಂಡಿಯ ಆಪರೇಷನ್ ಆದಮೇಲೆ ಆಟೋದಲ್ಲಿ ಹೋಗಿಬರುತ್ತಿದ್ದರು. ಕಾರು ಬಂದಮೇಲೆ ನಮ್ಮವರು ಆಟೋ ಬಿಡಿಸಿ ತಾವೇ ಕರೆದುಕೊಂಡು ಹೋಗತೊಡಗಿದರು. ಮನೆಯಲ್ಲಿ ಇಂಥ ಗಾಡಿ ಇಟ್ಟುಕೊಂಡು ಅಪ್ಪ ಆಟೋದಲ್ಲಿ ಹೋದರೆ ಪೇಟೆಯವರು ಏನಂದುಕೊಂಡಾರು ಅಂತ.

ಆ ಕಾರು ಎತ್ತರ. ಮಾವನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಸೀಟಿನ ಮೇಲೆ ಪಕ್ಕಕ್ಕೆ ತಿರುಗಿ, ಎರಡೂ ಕಾಲು ಹೊರಗೆ ಇಳಿಬಿಟ್ಟು, ನಿಧಾನವಾಗಿ ಜಾರುತ್ತ ನೆಲ ಮುಟ್ಟಬೇಕು. ನಮ್ಮವರು ಬಾಗಿಲು ಹಿಡಿದುಕೊಂಡು ನಿಂತಿರುತ್ತಿದ್ದರು, ಅಪ್ಪನನ್ನು ಪಲ್ಲಕ್ಕಿಯಿಂದ ಇಳಿಸುವ ಠೀವಿಯಲ್ಲಿ.

ಆ ಮಳೆಗಾಲದ ಒಂದು ಸೋಮವಾರ ಮಾವನವರು ಅಂಗಡಿಯಿಂದ ಬೇಗ ಬಂದುಬಿಟ್ಟರು. ನನ್ನನ್ನು ದಾಟಿ ಮೆಟ್ಟಿಲು ಹತ್ತುವಾಗ ಹಿಂದಿನಿಂದ ನೋಡಿದೆ. ಪಂಚೆಯ ಹಿಂಭಾಗದಲ್ಲಿ, ತೊಡೆಯಿಂದ ಮಂಡಿಯವರೆಗೆ, ಕಂದು ಬಣ್ಣದ ಕಲೆ. ತಕ್ಷಣ ಮುಖ ತಿರುಗಿಸಿಕೊಂಡೆ. ಸೊಸೆಯಾದವಳು ಮಾವನ ಪಂಚೆಯನ್ನು ದಿಟ್ಟಿಸಿ ನೋಡಲಿಕ್ಕಾಗುತ್ತದೆಯೇ? ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಬ್ರಶ್ಶಿನಲ್ಲಿ ಬಟ್ಟೆ ತಿಕ್ಕುವ ಸದ್ದು ಕೇಳಿಸಿತು. ಜೀವಮಾನದಲ್ಲಿ ಒಂದು ಕರವಸ್ತ್ರ ಒಗೆದುಕೊಂಡವರಲ್ಲ ಅವರು.

ಇನ್ನೊಂದು ಸೋಮವಾರವೂ ಹಾಗೇ ಆಯಿತು. ನಾನು ನಮ್ಮವರಿಗೆ ಹೇಳಿದೆ, ನೇರವಾಗಿ ಅಲ್ಲ, ಸುತ್ತಿ ಬಳಸಿ. ಅವರು ಎದ್ದು ಕೋಣೆಯ ಬಾಗಿಲು ಹಾಕಿದರು. ಆಮೇಲೆ, "ವಯಸ್ಸಾಯ್ತಲ್ಲ, ಹಿಡಿತ ತಪ್ಪಿರತ್ತೆ. ಅಪ್ಪನ್ನ ಕೇಳ್ಬೇಡ, ನೊಂದ್ಕೋತಾರೆ," ಎಂದರು. ಡಾಕ್ಟರೂ ಫೋನಿನಲ್ಲಿ ಅದನ್ನೇ ಹೇಳಿದರಂತೆ, ಈ ವಯಸ್ಸಿನಲ್ಲಿ ಸಾಮಾನ್ಯ ಅಂತ. ಇಷ್ಟು ಸಾಕಾಯಿತು ನಮಗೆ. ಇಬ್ಬರಲ್ಲಿ ಒಬ್ಬರೂ ಅವರನ್ನು ಒಂದು ಮಾತು ಕೇಳಲಿಲ್ಲ. ನಾನು ಅವರ ಸಂಜೆಯ ಕಾಫಿ ಅರ್ಧ ಮಾಡಿದೆ. ಮೆಡಿಕಲ್ ಶಾಪಿನಿಂದ ರಬ್ಬರ್ ಶೀಟು ತಂದು, ಅವರು ಸ್ನಾನಕ್ಕೆ ಹೋದಾಗ ಹಾಸಿಗೆಯ ಮೇಲೆ ಹಾಸಿ, ಅದರ ಮೇಲೆ ಎಂದಿನ ಬಿಳಿ ಬೆಡ್‌ಶೀಟು ಬಿಗಿದೆ. ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ. ಮಗ್ಗುಲು ಬದಲಿಸಿದರೆ ಪರಪರ ಅನ್ನುವ ಶೀಟು, ಮಲಗುವವರಿಗೆ ಗೊತ್ತಾಗದೆ ಇರುತ್ತದೆಯೇ? ಒಳ್ಳೆಯದು ಮಾಡುತ್ತಿದ್ದೇನೆ ಅನ್ನುವ ಗುಂಗಿನಲ್ಲಿ ನನಗೆ ಇಷ್ಟೂ ಹೊಳೆಯಲಿಲ್ಲ.

ಮಾವನವರು ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಆದರೆ ಅದರ ಮುಂದಿನ ಸೋಮವಾರ ಮಂಡಿ ನೋವು ಅಂದರು. ಅದರಾಚೆಯ ಸೋಮವಾರವೂ ಅದೇ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟರು. ಗುಡಿ ಇಲ್ಲ, ಅಂಗಡಿ ಇಲ್ಲ. ಗೆಳೆಯರು ಫೋನು ಮಾಡಿದರೆ ಮಲಗಿದ್ದಾರೆ ಅನ್ನಬೇಕಂತೆ. ಪಂಚೆ ಮಡಿಕೆ ಮುರಿಯದೆ ಕಪಾಟಿನಲ್ಲಿ ಕೂತಿತು. ಮನೆಯಲ್ಲಿ ಚೌಕಳಿ ಲುಂಗಿ ಉಟ್ಟುಕೊಂಡು ವರಾಂಡದಲ್ಲಿ ಕೂತಿರುತ್ತಿದ್ದರು. ಮನುಷ್ಯ ನಮ್ಮ ಕಣ್ಣೆದುರೇ ಕುಗ್ಗುತ್ತಿದ್ದರು.

ಅಷ್ಟರಲ್ಲಿ ಅವರ ಒಬ್ಬಳೇ ತಂಗಿಯ ಮೊಮ್ಮಗಳ ಮದುವೆ ಗೊತ್ತಾಯಿತು. ಬಸವನಗುಡಿಯ ಛತ್ರದಲ್ಲಿ ಧಾರೆ. ಆ ಮನೆತನದಲ್ಲಿ ಈಗ ಎಲ್ಲರಿಗಿಂತ ಹಿರಿಯರು ಇವರೇ. ಮೊದಲ ಅಕ್ಷತೆ ಇವರ ಕೈಯಿಂದಲೇ ಬೀಳಬೇಕು ಅಂತ ತಂಗಿಯ ಆಸೆ. ಮಾವನವರು ಬರುವುದಿಲ್ಲ ಎಂದುಬಿಟ್ಟರು. ತಂಗಿ ಫೋನಿನಲ್ಲಿ ಅತ್ತರು. "ನಾನೇನು ತಪ್ಪು ಮಾಡ್ದೆ ಅಣ್ಣಾ?" ಎಂದು ಅವರು ಕೇಳುವುದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ನಿಂದೇನಿಲ್ಲಮ್ಮ, ನನ್ ಕಾಲೇ ಸರಿ ಇಲ್ಲ," ಎಂದು ಇವರು ಫೋನಿಟ್ಟರು. ಕಾಲಿಗೇನೂ ಆಗಿಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ಧಾರೆಗೆ ಎರಡು ದಿನ ಮುಂಚೆ ಮಲ್ಲೇಶ್ವರದ ಆ ತಂಗಿಯ ಮನೆಯಲ್ಲಿ ಬಳೆ ಶಾಸ್ತ್ರ. ಮಾವನವರನ್ನು ಬಿಟ್ಟು ನಾವಿಬ್ಬರೇ ಹೊರಟೆವು. ಬೆಳಗಿನಿಂದ ಸುರಿದ ಮಳೆ ಆಗಷ್ಟೇ ನಿಂತಿತ್ತು. ನಾನು ಎಲ್ಲಿಗಾದರೂ ಮೆಟ್ರೋದಲ್ಲೇ ಹೋಗುವವಳು. ಅಪರೂಪಕ್ಕೆ ಕಾರು ಹತ್ತಿದರೂ ಚೂಡಿದಾರದಲ್ಲಿ, ಬಾಗಿಲು ಹಿಡಿದು ದಪ್ಪನೆ ಇಳಿಯುತ್ತಿದ್ದೆ. ಅವತ್ತು ಉಟ್ಟಿದ್ದು ಕೆನೆಬಣ್ಣದ ಮೈಸೂರು ರೇಷ್ಮೆ. ಎರಡೂ ಕೈಯಲ್ಲಿ ಬಳೆ, ಹೂವು, ಹಣ್ಣು ತುಂಬಿದ ದೊಡ್ಡ ತಟ್ಟೆ. ಬಾಗಿಲು ಹಿಡಿಯಲು ಕೈ ಖಾಲಿ ಇರಲಿಲ್ಲ. ಪಕ್ಕಕ್ಕೆ ತಿರುಗಿ, ಕಾಲು ಇಳಿಬಿಟ್ಟು, ನಿಧಾನವಾಗಿ ಜಾರಿ ಇಳಿದೆ.

ತಟ್ಟೆ ಒಳಗಿಟ್ಟು ತಿರುಗುವುದರೊಳಗೆ ವಯಸ್ಸಾದ ಹೆಂಗಸೊಬ್ಬರು, ಮದುವೆಗೆಂದು ಬಂದು ಅಲ್ಲೇ ಇಳಿದುಕೊಂಡಿದ್ದ ನೆಂಟರು, ನನ್ನ ಕೈ ಹಿಡಿದು ಮೂಲೆಗೆ ಎಳೆದರು.

"ಸೀರೆ ನೋಡ್ಕೊಳಮ್ಮ, ಹಿಂದ್ಗಡೆ. ಇನ್ನೂ ನಿಂತಿಲ್ವಾ ನಿಂಗೆ? ಬಾ, ನಮ್ಮ ರೂಮಿಗೆ ಬಾ."

ಅವರು ಪಿಸುಮಾತಿನಲ್ಲೇ ಹೇಳಿದ್ದು. ಆದರೂ ಸುತ್ತಲಿನ ಹೆಂಗಸರ ಕಣ್ಣೆಲ್ಲ ಒಂದು ಕ್ಷಣ ನನ್ನ ಸೀರೆಯ ಮೇಲೆ ಬಿದ್ದು, ಮರ್ಯಾದೆಗಾಗಿ ಬೇರೆ ಕಡೆ ಹೊರಳಿದವು. ಮುಟ್ಟು ನಿಂತು ವರ್ಷಗಳೇ ಆಗಿವೆ, ಅದಲ್ಲ ಅಂತ ನನಗೆ ಗೊತ್ತು. ಆದರೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ರೂಮಿನ ಕನ್ನಡಿಗೆ ಬೆನ್ನು ಮಾಡಿ ಕತ್ತು ಹೊರಳಿಸಿ ನೋಡಿದೆ. ತೊಡೆಯಿಂದ ಮಂಡಿಯವರೆಗೆ ಕಂದು ಬಣ್ಣದ ಕಲೆ. ಅದೇ ಜಾಗ, ಅದೇ ಅಗಲ. ಬೆರಳಲ್ಲಿ ಮುಟ್ಟಿದರೆ ಮರಳು ಮರಳು ಕೆಸರು.

ನಾನು ಅಲ್ಲಿದ್ದ ಮಂಚದ ಮೇಲೆ ಕೂತು ಅತ್ತೆ. ಪಾಪ, ಆ ಹೆಂಗಸು ಸೀರೆ ಹಾಳಾಯಿತು ಅಂತ ಅಳುತ್ತಿದ್ದೇನೆ ಅಂದುಕೊಂಡು, "ಡ್ರೈ ಕ್ಲೀನಿಂಗ್‌ಗೆ ಕೊಟ್ರೆ ಹೋಗತ್ತಮ್ಮ," ಅಂತ ಸಮಾಧಾನ ಮಾಡಿದರು.

ವಾಪಸು ಹೊರಡುವಾಗ ನಮ್ಮವರನ್ನು ಕಾರಿನ ಬಾಗಿಲ ಮುಂದೆ ನಿಲ್ಲಿಸಿದೆ. ಚಕ್ರದಿಂದ ಸಿಡಿದ ಕೆಸರು ಬಾಗಿಲ ಕೆಳಗಿನ ಹೊಸ್ತಿಲಂಥ ಪಟ್ಟಿಗೆ ದಪ್ಪವಾಗಿ ಮೆತ್ತಿಕೊಂಡಿತ್ತು. ಜಾರಿ ಇಳಿಯುವವರ ಬಟ್ಟೆ ಅದನ್ನು ಒರೆಸಿಕೊಂಡೇ ಇಳಿಯಬೇಕು. ನನ್ನ ಸೀರೆ ತೋರಿಸಿದೆ.

"ಮಾವನ ಪಂಚೆ ಮೇಲಿದ್ದಿದ್ದು ಇದೇ ರೀ."

ಅವರು ಕಾರು ನೋಡಿದರು, ಸೀರೆ ನೋಡಿದರು. ಬಗ್ಗಿ ಆ ಕೆಸರನ್ನು ಬೆರಳಲ್ಲಿ ಮುಟ್ಟಿದರು. "ಅಪ್ಪ ಇಳಿಯೋಕೆ ಮುಂಚೆ ನಾನೇ ಒಂದು ಬಟ್ಟೇಲಿ ಒರೆಸಿಬಿಡ್ತೀನಿ ಬಿಡು," ಎಂದರು. ಆಗಲೂ ಕಾರಿಗೆ ತೂತು ಕೊರೆಸಲು ಮನಸ್ಸಿಲ್ಲ!

"ಛತ್ರದ ಬಾಗಿಲಲ್ಲಿ ನೂರು ಜನದ ಮುಂದೆ ನೀವು ಬಗ್ಗಿ ಒರೆಸ್ತಾ ಇದ್ರೆ, ಎಲ್ರೂ ಅವರನ್ನೇ ನೋಡಲ್ವಾ? ನಿಮ್ಮಪ್ಪ ಇಳೀತಾರಾ ಆಗ? ಮೊದಲ್ನೇ ದಿನಾನೇ ಹೇಳಿದ್ರು ಅವರು. ಒಂದೇ ಸಲ. ನೀವು ನಕ್ರಿ."

ಮಾರನೆಯ ಬೆಳಿಗ್ಗೆ ಜೆ.ಸಿ. ರೋಡಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ನಮ್ಮ ಕಾರು ನಿಂತಿತ್ತು. ಡ್ರಿಲ್ಲಿನ ಸದ್ದು ಶುರುವಾದಾಗ ನಮ್ಮವರು ಆ ಕಡೆ ತಿರುಗಿ ನಿಂತರು, ಮಗುವಿಗೆ ಕಿವಿ ಚುಚ್ಚಿಸುವಾಗ ಹೆತ್ತವರು ತಿರುಗಿ ನಿಲ್ಲುವ ಹಾಗೆ. ನಾನು ನಗಲಿಲ್ಲ. ನಿಜಕ್ಕೂ ಅವರಿಗೆ ನೋವಾಗುತ್ತಿತ್ತು. ನಾಲ್ಕು ಚಕ್ರಕ್ಕೂ ಕಪ್ಪು ರಬ್ಬರಿನ ಫ್ಲಾಪು ಬಿತ್ತು. ಹೇಳಬೇಕೆಂದರೆ, ಸ್ವಲ್ಪ ಲಾರಿಯ ಹಾಗೇ ಕಾಣುತ್ತಿತ್ತು.

ಮನೆಗೆ ಬಂದವಳು ಸೀದಾ ಮಾವನವರ ಕೋಣೆಗೆ ಹೋಗಿ ಹಾಸಿಗೆಯ ಬೆಡ್‌ಶೀಟು ಕಿತ್ತೆ. ರಬ್ಬರ್ ಶೀಟು ಸುತ್ತುತ್ತಿರುವಾಗ ಬಾಗಿಲಲ್ಲಿ ಮಾವ ನಿಂತಿದ್ದರು. ಇನ್ನು ಮುಚ್ಚಿಡುವುದಕ್ಕೆ ಏನಿದೆ? ಸೀರೆಯ ವಿಷಯ, ಆ ಹೆಂಗಸು ಕೇಳಿದ ಮಾತು, ಎಲ್ಲ ಹೇಳಿಬಿಟ್ಟೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರೆದುರು ಅಂಥ ಮಾತು ಆಡಿದ್ದು ಅದೇ ಮೊದಲು.

"ತಪ್ಪಾಯ್ತು ಮಾವ. ನೀವಾದ್ರೂ ಒಂದು ಮಾತು ಹೇಳ್ಬಾರ್ದಾಗಿತ್ತಾ, ಅದು ಕೆಸರು ಅಂತ?"

ಅವರು ಬಂದು ಬರೀ ಹಾಸಿಗೆಯ ಮೇಲೆ ಕೂತರು.

"ಕೆಸರು ಅಂತ ಮೊದಮೊದಲು ನಂಗೂ ಗೊತ್ತಿತ್ತು ಕಣಮ್ಮ. ಅವನು ಆಸೆಪಟ್ಟು ತಗೊಂಡ ಗಾಡಿ, ಮತ್ತೆ ಮತ್ತೆ ಹುಳುಕು ಹೇಳೋದು ಬೇಡ ಅಂತ ಸುಮ್ನಿದ್ದೆ. ಆಮೇಲೆ ನೀನು ಇದನ್ನ ಹಾಸಿದೆ. ನೀನು ಸುಮ್‌ಸುಮ್ನೆ ಹಾಸೋಳಲ್ಲ. ನಂಗೇ ಗೊತ್ತಾಗ್ದೆ ಆಗ್ತಿದೆಯೇನೋ, ಮಕ್ಕಳಿಗೆ ಕಾಣ್ತಿದೆಯೇನೋ ಅಂತ ಅನ್ನಿಸ್ಬಿಡ್ತು. ದಿನಾ ಬೆಳಿಗ್ಗೆ ಎದ್ದು ಹಾಸಿಗೆ ಮುಟ್ಟಿ ನೋಡ್ತಿದ್ದೆ. ಒಣಗೇ ಇರೋದು. ಆದ್ರೂ ನಂಬಿಕೆ ಬರ್ತಿರ್ಲಿಲ್ಲ."

ಆ ಶೀಟನ್ನು ಒಯ್ದು ಹೊರಗಿನ ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ಒಂದು ಲೋಟ ತುಂಬ ಕಾಫಿ ಮಾಡಿ ತಂದುಕೊಟ್ಟೆ.

ಧಾರೆಯ ದಿನವೂ ಮಳೆ. ಮಾವನವರು ಕಪಾಟಿನಿಂದ ಪಂಚೆ ತೆಗೆದು ಉಟ್ಟರು. ಅಗೆದ ರಸ್ತೆಯಲ್ಲಿ ನಮ್ಮವರು ಕಾರನ್ನು ತುಂಬಿದ ಕೊಡ ಹೊತ್ತವರ ಹಾಗೆ ನಡೆಸಿಕೊಂಡು ಬಂದರು. ಛತ್ರದ ಬಾಗಿಲಲ್ಲಿ ಮಾವನವರು ಎಂದಿನಂತೆ ತಿರುಗಿ, ಕಾಲು ಇಳಿಬಿಟ್ಟು, ಜಾರಿ ಇಳಿದರು. ಒಳಗಿನಿಂದ ಅವರ ತಂಗಿ ನೋಡಿ, ಆರತಿ ತಟ್ಟೆ ಯಾರದೋ ಕೈಗೆ ಕೊಟ್ಟು ಓಡಿ ಬರುತ್ತಿದ್ದರು. ಮಾವನವರು ಮಾತ್ರ ಹೆಜ್ಜೆ ಎತ್ತದೆ ನಿಂತರು. ಕೋಲಿನ ಮೇಲೆ ಭಾರ ಬಿಟ್ಟು, ನನಗೆ ಬೆನ್ನು ಮಾಡಿ ತಿರುಗಿದರು.

"ನೋಡಮ್ಮ, ಏನಾದ್ರೂ ಇದೆಯಾ?"

ಈ ಸಲ ನಾನು ಮುಖ ತಿರುಗಿಸಲಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ಕಣ್ಣು ತುಂಬ ನೋಡಿದೆ.

"ಏನಿಲ್ಲ ಮಾವ."

"ಸರಿಯಾಗಿ ನೋಡ್ದೆ ತಾನೇ?"

"ನೋಡಿದೆ. ಹಾಲಿನ ಹಾಗಿದೆ."

"ನಡಿ ಹಾಗಾದ್ರೆ," ಎಂದು ಅವರು ನಮ್ಮಿಬ್ಬರಿಗಿಂತ ಮುಂದೆ ಮೆಟ್ಟಿಲು ಹತ್ತಿದರು.